ಕ್ರೆಡಿಟ್ ತುಂಬಿದರೆ ಸಾಕೇ? ಅಮೆರಿಕದ ಕಾಲೇಜು ಆಟಗಾರರ ಓದಿನ ನಿಯಮಗಳು ಅಳೆಯುವುದೇನು, ಬಿಡುವುದೇನು

2025ರ ಜೂನ್ 6ರಂದು ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯವು ಆಟಗಾರರು ಹೂಡಿದ್ದ ‘ಹೌಸ್’ ಪ್ರಕರಣದ ರಾಜಿ ಒಪ್ಪಂದಕ್ಕೆ ಅಂತಿಮ ಒಪ್ಪಿಗೆ ನೀಡಿದ ಮೇಲೆ ಅಮೆರಿಕದ ಕಾಲೇಜು ಕ್ರೀಡೆಯ ಕುರಿತ ಚರ್ಚೆಯೆಲ್ಲ ಹಣದ ಸುತ್ತಲೇ ನಡೆಯುತ್ತಿದೆ. ಒಪ್ಪಂದದಲ್ಲಿ ಸೇರಿದ ಕಾಲೇಜುಗಳು ಮೊದಲ ವರ್ಷ ತಲಾ ಸುಮಾರು 2.05 ಕೋಟಿ ಡಾಲರ್‌ವರೆಗಿನ ಮೊತ್ತವನ್ನು ತಮ್ಮ ಆಟಗಾರರಿಗೆ ನೇರವಾಗಿ ಹಂಚಬಹುದು; ಹಿಂದೆ ಆಡಿದವರಿಗೆ ಪರಿಹಾರವಾಗಿ ಸುಮಾರು 280 ಕೋಟಿ ಡಾಲರ್ ಸಲ್ಲಬೇಕು. ಈ ಅಂಕಿಗಳ ಅಬ್ಬರದಲ್ಲಿ ಒಂದು ಸಂಗತಿ ಹಿಂದೆ ಸರಿದಿದೆ. ಎಷ್ಟೇ ಹಣ ಪಡೆಯುವ ಆಟಗಾರನಾದರೂ ಅವನು ಇನ್ನೂ ವಿದ್ಯಾರ್ಥಿಯೇ, ಮತ್ತು ಹೈಸ್ಕೂಲಿನಲ್ಲಿ ಏನು ಓದಿರಬೇಕು, ಕಾಲೇಜಿನಲ್ಲಿ ಪ್ರತಿ ಸೆಮಿಸ್ಟರ್ ಎಷ್ಟು ಕ್ರೆಡಿಟ್ (ಪಾಸಾದ ಕೋರ್ಸಿಗೆ ಸಿಗುವ ಎಣಿಕೆ, ಸಾಮಾನ್ಯವಾಗಿ ಒಂದು ಕೋರ್ಸಿಗೆ ಮೂರು) ಮುಗಿಸಬೇಕು, ಯಾವ ವರ್ಷಕ್ಕೆ ಪದವಿಯ ಎಷ್ಟು ಪಾಲು ಪೂರೈಸಿರಬೇಕು ಎಂಬ ನಿಯಮಗಳನ್ನು ದಾಟದೆ ಅವನು ಅಂಗಳಕ್ಕೆ ಇಳಿಯುವಂತಿಲ್ಲ. ಆರು ದಶಕಗಳಿಂದ ಬದಲಾಗುತ್ತ ಬಂದಿರುವ ಈ ನಿಯಮಗಳು ಅಳೆಯುವುದು ವಿದ್ಯಾರ್ಥಿಯ ಕ್ರೆಡಿಟ್‌ಗಳನ್ನು. ಆ ಕ್ರೆಡಿಟ್‌ಗಳ ಹಿಂದೆ ಕಲಿಕೆ ಇದೆಯೇ, ಕಲಿಯಲು ಕಾಲೇಜು ಅವನಿಗೆ ಸಮಯ ಕೊಟ್ಟಿತೇ ಎಂಬುದನ್ನು ಅವು ಅಳೆಯುವುದೇ ಇಲ್ಲ ಎನ್ನಬಹುದು. ಹಣ ಹೆಚ್ಚಿದಷ್ಟೂ ಈ ಕೊರತೆ ದೊಡ್ಡದಾಗುತ್ತದೆ ಎಂಬುದು ನನ್ನ ವಾದ.

ಈ ನಿಯಮಗಳನ್ನು ರೂಪಿಸುವುದು ಎನ್‌ಸಿಎಎ (ನ್ಯಾಷನಲ್ ಕಾಲೇಜಿಯೇಟ್ ಅಥ್ಲೆಟಿಕ್ ಅಸೋಸಿಯೇಷನ್). 1906ರಲ್ಲಿ ಹುಟ್ಟಿದ ಈ ಸಂಘಟನೆಯಲ್ಲಿ ಇಂದು ಸುಮಾರು 1,100 ಕಾಲೇಜುಗಳಿವೆ, ಅವುಗಳಲ್ಲಿ ಆಡುವ ವಿದ್ಯಾರ್ಥಿಗಳು ಐದು ಲಕ್ಷಕ್ಕೂ ಹೆಚ್ಚು. ಮೂರು ವಿಭಾಗಗಳ ಪೈಕಿ ಮೂರನೆಯದರಲ್ಲಿ ಕ್ರೀಡಾ ವಿದ್ಯಾರ್ಥಿವೇತನವೇ ಇಲ್ಲ. ಟಿವಿ ಒಪ್ಪಂದ, ತುಂಬಿ ತುಳುಕುವ ಕ್ರೀಡಾಂಗಣ, ಕೋಟಿಗಟ್ಟಲೆ ಸಂಬಳದ ಕೋಚ್‌ಗಳು ಎಲ್ಲವೂ ಮೊದಲ ವಿಭಾಗದವು, ಅದರಲ್ಲೂ ಮುಖ್ಯವಾಗಿ ಅಮೆರಿಕನ್ ಫುಟ್‌ಬಾಲ್ ಮತ್ತು ಪುರುಷರ ಬಾಸ್ಕೆಟ್‌ಬಾಲ್‌ಗೆ ಸೇರಿದವು. ಮುಂದೆ ಬರುವುದೆಲ್ಲ ಈ ಮೊದಲ ವಿಭಾಗದ ಮಾತು.

ಪ್ರವೇಶದ ನಿಯಮ ಹೀಗಿದೆ. ಮೊದಲ ವರ್ಷವೇ ಆಡಬೇಕಾದರೆ ವಿದ್ಯಾರ್ಥಿಯು ಒಂಬತ್ತನೇ ತರಗತಿಯಿಂದ ಮುಂದಕ್ಕೆ ಹದಿನಾರು ಕೋರ್ ಕೋರ್ಸ್‌ಗಳನ್ನು ಮುಗಿಸಿರಬೇಕು. ಇಂಗ್ಲಿಷ್ ನಾಲ್ಕು ವರ್ಷ, ಬೀಜಗಣಿತದ ಮೊದಲ ಹಂತ ಅಥವಾ ಅದಕ್ಕೂ ಮೇಲಿನ ಗಣಿತ ಮೂರು ವರ್ಷ, ಪ್ರಯೋಗಾಲಯವನ್ನೂ ಒಳಗೊಂಡ ವಿಜ್ಞಾನ ಎರಡು ವರ್ಷ, ಈ ಮೂರರಲ್ಲೊಂದು ವಿಷಯ ಇನ್ನೊಂದು ವರ್ಷ, ಸಮಾಜ ವಿಜ್ಞಾನ ಎರಡು ವರ್ಷ, ಉಳಿದ ನಾಲ್ಕು ಇವುಗಳಿಂದಲೋ ವಿದೇಶಿ ಭಾಷೆ, ತತ್ತ್ವಶಾಸ್ತ್ರ, ಧರ್ಮಗಳ ತೌಲನಿಕ ಅಧ್ಯಯನದಿಂದಲೋ ಬರಬೇಕು. ಈ ಹದಿನಾರರ ಸರಾಸರಿ ಅಂಕ, ಅಂದರೆ ಜಿಪಿಎ, ನಾಲ್ಕಕ್ಕೆ ಕನಿಷ್ಠ 2.3 ಇರಬೇಕು. 2016ರಿಂದ ಇದಕ್ಕೆ ಇನ್ನೊಂದು ಷರತ್ತು ಸೇರಿತು. ಹೈಸ್ಕೂಲಿನ ಕೊನೆಯ ವರ್ಷ ಆರಂಭವಾಗುವ ಮುನ್ನವೇ ಹತ್ತು ಕೋರ್ ಕೋರ್ಸ್‌ಗಳು, ಅವುಗಳಲ್ಲಿ ಏಳು ಇಂಗ್ಲಿಷ್, ಗಣಿತ ಅಥವಾ ವಿಜ್ಞಾನದಲ್ಲಿ, ಮುಗಿದಿರಬೇಕು. ಆ ಹತ್ತರ ಅಂಕಗಳನ್ನು ಆಮೇಲೆ ಮರುಕೋರ್ಸ್ ಮಾಡಿ ಹೆಚ್ಚಿಸಿಕೊಳ್ಳುವಂತಿಲ್ಲ. ಮೂರು ವರ್ಷ ಓದನ್ನು ಬದಿಗಿಟ್ಟು, ಕೊನೆಯ ವರ್ಷ ಯಾವುದೋ ಆನ್‌ಲೈನ್ ಶಾಲೆಯಲ್ಲಿ ಸಾಲುಸಾಲು ಕೋರ್ಸ್ ಮುಗಿಸಿ ಅರ್ಹತೆ ಗಿಟ್ಟಿಸುವ ಅಭ್ಯಾಸವನ್ನು ತಡೆಯುವುದು ಇದರ ಉದ್ದೇಶ. ಇದುವರೆಗೆ ಬಂದ ನಿಯಮಗಳಲ್ಲಿ ಅತ್ಯಂತ ವಿವೇಕದ್ದು ಇದೇ ಎಂದು ನನಗನ್ನಿಸುತ್ತದೆ, ಏಕೆಂದರೆ ಓದು ವರ್ಷ ವರ್ಷ ಮೆಟ್ಟಿಲೇರುವ ಕೆಲಸ ಎಂಬುದನ್ನು ಇದೊಂದು ನಿಯಮವಾದರೂ ಒಪ್ಪಿಕೊಂಡಿದೆ. ಇನ್ನೊಂದು ಬದಿಯಲ್ಲಿ, ಎಸ್‌ಎಟಿ ಮತ್ತು ಎಸಿಟಿ ಎಂಬ ಕಾಲೇಜು ಪ್ರವೇಶ ಪರೀಕ್ಷೆಗಳ ಅಂಕ 2023ರ ಜನವರಿಯಿಂದ ಆಟದ ಅರ್ಹತೆಗೆ ಬೇಕಿಲ್ಲ.

ಕಾಲೇಜು ಸೇರಿದ ಮೇಲೆ ಎಣಿಕೆ ಶುರುವಾಗುತ್ತದೆ. ಪ್ರತಿ ಸೆಮಿಸ್ಟರ್ ಕನಿಷ್ಠ 6 ಕ್ರೆಡಿಟ್, ಪ್ರತಿ ಶೈಕ್ಷಣಿಕ ವರ್ಷ ಕನಿಷ್ಠ 18, ಎರಡನೇ ವರ್ಷಕ್ಕೆ ಕಾಲಿಡುವ ಮುನ್ನ 24. ಮೂರನೇ ವರ್ಷದ ಆರಂಭಕ್ಕೆ ತಾನು ಆರಿಸಿಕೊಂಡ ಪದವಿಯ ಶೇ 40, ನಾಲ್ಕನೇ ವರ್ಷದ ಆರಂಭಕ್ಕೆ ಶೇ 60, ಐದನೇ ವರ್ಷವೂ ಆಡುವುದಾದರೆ ಶೇ 80 ಪೂರೈಸಿರಬೇಕು. 2003ಕ್ಕಿಂತ ಮೊದಲು ಇದು 25, 50, 75 ಇತ್ತು. ಜಿಪಿಎ ಕೂಡ ಹಂತ ಹಂತವಾಗಿ ಏರಿ, ನಾಲ್ಕನೇ ವರ್ಷದ ಹೊತ್ತಿಗೆ ಪದವಿಗೆ ಬೇಕಾದ ಕನಿಷ್ಠ ಮಟ್ಟವನ್ನು, ಸಾಮಾನ್ಯವಾಗಿ 2.0 ಅನ್ನು, ಮುಟ್ಟಬೇಕು.

ಮೇಲ್ನೋಟಕ್ಕೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಆದರೆ ಒಬ್ಬ ವಿದ್ಯಾರ್ಥಿಯ ಪಕ್ಕ ಕುಳಿತು ಲೆಕ್ಕ ಹಾಕಿದರೆ ಬಿಕ್ಕಟ್ಟು ಕಾಣಿಸುತ್ತದೆ. ಅವಳು ಎಂಜಿನಿಯರಿಂಗ್ ಓದಬೇಕೆಂದು ಸೇರಿದ ಈಜುಗಾರ್ತಿ, ಪದವಿಗೆ 120 ಕ್ರೆಡಿಟ್ ಬೇಕು ಎಂದಿಟ್ಟುಕೊಳ್ಳೋಣ. ಮೂರನೇ ವರ್ಷದ ಆರಂಭಕ್ಕೆ 48 ಕ್ರೆಡಿಟ್ ಆಗಿರಬೇಕು, ಮತ್ತು ಆ ಅಷ್ಟೂ ಎಂಜಿನಿಯರಿಂಗ್ ಪದವಿಯ ಲೆಕ್ಕಕ್ಕೆ ಸೇರುವಂಥವಾಗಿರಬೇಕು. ಅವಳು ಎರಡು ವರ್ಷದಲ್ಲಿ 56 ಕ್ರೆಡಿಟ್ ಮುಗಿಸಿದ್ದಾಳೆ. ಆದರೆ ಮೊದಲ ವರ್ಷ ಹಿಡಿದಿದ್ದ ಎರಡು ಮನಶ್ಶಾಸ್ತ್ರ ಕೋರ್ಸ್, ಒಂದು ಸಂಗೀತ ಕೋರ್ಸ್ ಈ ಪದವಿಗೆ ಲೆಕ್ಕವಿಲ್ಲ; ಅವನ್ನು ಕಳೆದರೆ ಉಳಿಯುವುದು 47. ಒಂದು ಕ್ರೆಡಿಟ್ ಕಡಿಮೆಯಾಯಿತೆಂದು ಅವಳು ಆ ಋತುವಿನಲ್ಲಿ ಸ್ಪರ್ಧಿಸುವಂತಿಲ್ಲ. ಅದೇ 56 ಕ್ರೆಡಿಟ್‌ಗಳನ್ನು ‘ಸಾಮಾನ್ಯ ಅಧ್ಯಯನ’ ಎಂಬಂಥ ಸಡಿಲ ಪದವಿಗೆ ಎಣಿಸಿದರೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಕ್ರೀಡಾ ವಿಭಾಗದ ಸಲಹೆಗಾರರು ಆಗ ಯಾವ ದಾರಿ ತೋರಿಸುತ್ತಾರೆ ಎಂದು ಊಹಿಸುವುದು ಕಷ್ಟವಲ್ಲ. ಆಟ ಆಡದ ಸಹಪಾಠಿಯು ಹತ್ತೊಂಬತ್ತನೇ ವಯಸ್ಸಿನಲ್ಲಿ ಮನಸ್ಸು ಬದಲಿಸಿ ರಸಾಯನಶಾಸ್ತ್ರದಿಂದ ಇತಿಹಾಸಕ್ಕೆ ಹಾರಿದರೆ ಹೆಚ್ಚೆಂದರೆ ಒಂದು ಸೆಮಿಸ್ಟರ್ ತಡವಾಗುತ್ತದೆ, ಅಷ್ಟೆ. ಕ್ರೀಡಾಪಟುವಿಗೆ ಆ ಹಕ್ಕಿಗೆ ತೆರಬೇಕಾದ ಬೆಲೆ ಒಂದು ಋತು, ಕೆಲವೊಮ್ಮೆ ವಿದ್ಯಾರ್ಥಿವೇತನ. ಓದನ್ನು ಕಾಪಾಡಲೆಂದು ಬಂದ ನಿಯಮವೇ ಕಷ್ಟದ ಓದಿನಿಂದ ಮಕ್ಕಳನ್ನು ದೂರ ತಳ್ಳುತ್ತದೆ. ಕೆಲವು ಕಾಲೇಜುಗಳಲ್ಲಿ ಒಂದೇ ತಂಡದ ಆಟಗಾರರು ಒಂದೆರಡು ಪದವಿ ವಿಷಯಗಳಲ್ಲೇ ಗುಂಪಾಗಿ ಕಾಣುವುದಕ್ಕೆ ಇದು ಒಂದು ಮುಖ್ಯ ಕಾರಣ.

ಹಾಗೆಂದು ನಿಯಮಗಳೇ ಬೇಡ ಎನ್ನುವಂತಿಲ್ಲ. ನಿಯಮ ಸಡಿಲವಾಗಿದ್ದ ಕಾಲದಲ್ಲಿ ಏನಾಯಿತು ಎಂಬುದಕ್ಕೆ ನ್ಯಾಯಾಲಯದ ದಾಖಲೆಗಳೇ ಸಾಕ್ಷಿ. 1965ರಲ್ಲಿ ಎನ್‌ಸಿಎಎ ಒಪ್ಪಿದ ನಿಯಮದಂತೆ, ಕಾಲೇಜಿನಲ್ಲಿ ಕನಿಷ್ಠ 1.6 ಜಿಪಿಎ ಗಳಿಸಬಲ್ಲ ಎಂದು ಹೈಸ್ಕೂಲ್ ಅಂಕ ಮತ್ತು ಪ್ರವೇಶ ಪರೀಕ್ಷೆಯಿಂದ ಅಂದಾಜಾದ ವಿದ್ಯಾರ್ಥಿಗಷ್ಟೇ ವಿದ್ಯಾರ್ಥಿವೇತನ ಸಿಗುತ್ತಿತ್ತು. 1972ರಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳು ಫುಟ್‌ಬಾಲ್ ಮತ್ತು ಬಾಸ್ಕೆಟ್‌ಬಾಲ್‌ನ ಮುಖ್ಯ ತಂಡದಲ್ಲಿ ಆಡಲು ಅನುಮತಿ ಸಿಕ್ಕಿತು. 1973ರಲ್ಲಿ 1.6 ನಿಯಮ ಹೋಗಿ, ಯಾವ ವಿಷಯ ಓದಿದ್ದರೂ ಹೈಸ್ಕೂಲಿನಲ್ಲಿ 2.0 ಸರಾಸರಿ ಇದ್ದರೆ ಸಾಕು ಎಂದಾಯಿತು. ಅದೇ ವರ್ಷ ನಾಲ್ಕು ವರ್ಷಗಳ ವಿದ್ಯಾರ್ಥಿವೇತನ ವರ್ಷ ವರ್ಷ ನವೀಕರಿಸುವಂಥದ್ದಾಯಿತು. ಈ ಮೂರು ಬದಲಾವಣೆಗಳನ್ನು ಒಟ್ಟಿಗೆ ನೋಡಬೇಕು. ಓದಿನಲ್ಲಿ ಹಿಂದುಳಿದ ಹುಡುಗನನ್ನು ತರುವುದು ಸುಲಭವಾಯಿತು, ಹೊಂದಿಕೊಳ್ಳಲು ಒಂದು ವರ್ಷದ ಬಿಡುವೂ ಇಲ್ಲದೆ ಅವನನ್ನು ಆಡಿಸಬಹುದಾಯಿತು, ಆಟ ಚೆನ್ನಾಗಿ ಬಾರದಿದ್ದರೆ ಕೈಬಿಡುವುದೂ ಸುಲಭವಾಯಿತು.

ಅದರ ಫಲ ಕೆವಿನ್ ರಾಸ್ ಅವರ ಕಥೆ. ನೆಬ್ರಾಸ್ಕಾದ ಕ್ರೈಟನ್ ವಿಶ್ವವಿದ್ಯಾಲಯಕ್ಕೆ ಬಾಸ್ಕೆಟ್‌ಬಾಲ್ ಆಡಲು ಬಂದಾಗ ಎಸಿಟಿ ಪರೀಕ್ಷೆಯಲ್ಲಿ ಅವರಿಗೆ ಬಂದಿದ್ದು 36ಕ್ಕೆ 9. ಗುರಿ ಹೊಡೆಯುವ ಅಭ್ಯಾಸ, ಬಾಸ್ಕೆಟ್‌ಬಾಲ್ ಸಿದ್ಧಾಂತದಂಥ ಕೋರ್ಸ್‌ಗಳಿಗೆ ಅವರನ್ನು ಸೇರಿಸಲಾಯಿತು. 1982ರಲ್ಲಿ ಅವರು ಕಾಲೇಜು ಬಿಡುವಾಗ ಪದವಿಗೆ ಬೇಕಾದ 128 ಕ್ರೆಡಿಟ್‌ಗಳಲ್ಲಿ 96 ಮುಗಿದಿದ್ದವು. ಅವರ ಭಾಷಾ ಸಾಮರ್ಥ್ಯ ನಾಲ್ಕನೇ ತರಗತಿಯ ಮಗುವಿನದು, ಓದುವ ಸಾಮರ್ಥ್ಯ ಏಳನೇ ತರಗತಿಯದು ಎಂದು ಮೊಕದ್ದಮೆಯ ದಾಖಲೆ ಹೇಳುತ್ತದೆ. ಆಮೇಲೆ ಅವರು ಷಿಕಾಗೋದಲ್ಲಿ ಮಾರ್ವಾ ಕಾಲಿನ್ಸ್ ನಡೆಸುತ್ತಿದ್ದ ಶಾಲೆಯಲ್ಲಿ ಚಿಕ್ಕ ಮಕ್ಕಳ ಜೊತೆ ಕುಳಿತು ಓದಲು ಕಲಿತರು. ಕಾಲೇಜಿನ ಮೇಲೆ ಅವರು ಹೂಡಿದ ದಾವೆಯಲ್ಲಿ 1992ರಲ್ಲಿ ತೀರ್ಪು ಕೊಟ್ಟ ಮೇಲ್ಮನವಿ ನ್ಯಾಯಾಲಯ, ಕಳಪೆ ಶಿಕ್ಷಣ ಕೊಟ್ಟಿದ್ದಕ್ಕಾಗಿ ಕಾಲೇಜನ್ನು ಹೊಣೆ ಮಾಡಲು ಒಪ್ಪಲಿಲ್ಲ. ಕೊಟ್ಟ ನಿರ್ದಿಷ್ಟ ಮಾತಿಗೆ ತಪ್ಪಿತೇ ಎಂಬ ಕಿರಿದಾದ ಬಾಗಿಲನ್ನಷ್ಟೇ ತೆರೆದಿಟ್ಟಿತು. ಇಲ್ಲಿ ಗಮನಿಸಬೇಕಾದದ್ದು 128ರಲ್ಲಿ 96 ಎಂಬ ಅಂಕಿ. ಅದು ಸರಿಯಾಗಿ ಶೇ 75. ಎಣಿಕೆಯಲ್ಲಿ ರಾಸ್ ಮುಕ್ಕಾಲು ಪದವಿಯನ್ನು ಮುಗಿಸಿದ್ದರು.

ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ ಓದಿನಲ್ಲಿ ಹಿಂದುಳಿದ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಕಲಿಸುವ ವಿಭಾಗದಲ್ಲಿದ್ದ ಅಧ್ಯಾಪಕಿ ಜ್ಯಾನ್ ಕೆಂಪ್, ಫೇಲಾಗಿದ್ದ ಫುಟ್‌ಬಾಲ್ ಆಟಗಾರರನ್ನು ಆಡಳಿತವೇ ಪಾಸು ಮಾಡಿಸಿದ್ದನ್ನು ಪ್ರತಿಭಟಿಸಿ ಕೆಲಸ ಕಳೆದುಕೊಂಡರು. 1986ರಲ್ಲಿ ಜ್ಯೂರಿ ಅವರಿಗೆ 25 ಲಕ್ಷ ಡಾಲರಿಗೂ ಮಿಗಿಲಾದ ಪರಿಹಾರ ಘೋಷಿಸಿತು. ಆಮೇಲೆ ಅದನ್ನು ಇಳಿಸಲಾಯಿತು. ಪಾಠ ಹೇಳುವವರ ಕೈಯಲ್ಲಿ ಅಂಕದ ಅಧಿಕಾರ ಉಳಿಯದಿದ್ದರೆ ಯಾವ ನಿಯಮವೂ ಹೆಸರಿಗಷ್ಟೇ ಎಂಬುದು ಆ ಮೊಕದ್ದಮೆಯಿಂದ ಎದ್ದು ಕಂಡ ಸತ್ಯ. ಆದರೆ ಎನ್‌ಸಿಎಎ ಆರಿಸಿಕೊಂಡ ಪರಿಹಾರ ಬೇರೆ ದಿಕ್ಕಿನದು. ಅದು ಬಿಗಿ ಮಾಡಿದ್ದು ಹೈಸ್ಕೂಲಿನ ಬಾಗಿಲನ್ನು.

1983ರಲ್ಲಿ ಒಪ್ಪಿಗೆಯಾಗಿ 1986ರಲ್ಲಿ ಜಾರಿಯಾದ ‘ಪ್ರಪೊಸಿಷನ್ 48’ ಹನ್ನೊಂದು ಕೋರ್ ಕೋರ್ಸ್‌ಗಳಲ್ಲಿ 2.0 ಸರಾಸರಿಯ ಜೊತೆಗೆ ಎಸ್‌ಎಟಿಯಲ್ಲಿ 700 ಅಥವಾ ಎಸಿಟಿಯಲ್ಲಿ 15 ಅಂಕ ಕೇಳಿತು. ಬಡ ಬಡಾವಣೆಗಳ ಶಾಲೆಗಳಿಂದ ಬಂದ ಕಪ್ಪು ವಿದ್ಯಾರ್ಥಿಗಳಿಗೆ ಪರೀಕ್ಷೆಯ ಈ ಗೆರೆಯಿಂದ ಹೆಚ್ಚು ಪೆಟ್ಟು ಬಿತ್ತು. ಅರ್ಹತೆ ಭಾಗಶಃ ಮಾತ್ರ ಇದ್ದವರಿಗೆ ಮೊದಲ ವರ್ಷ ವಿದ್ಯಾರ್ಥಿವೇತನವನ್ನೂ ನಿರಾಕರಿಸಲು 1989ರಲ್ಲಿ ‘ಪ್ರಪೊಸಿಷನ್ 42’ ಬಂದಾಗ, ಜಾರ್ಜ್‌ಟೌನ್‌ನ ಕೋಚ್ ಜಾನ್ ಥಾಂಪ್ಸನ್ ಬಾಸ್ಟನ್ ಕಾಲೇಜ್ ವಿರುದ್ಧದ ಪಂದ್ಯ ಆರಂಭವಾಗುವ ಹೊತ್ತಿಗೆ ಅಂಕಣದಿಂದ ಹೊರನಡೆದರು. ಹದಿಮೂರು ಕೋರ್ಸ್‌ಗಳನ್ನು ಕೇಳಿ, ಜಿಪಿಎ ಹೆಚ್ಚಿದ್ದರೆ ಪರೀಕ್ಷೆಯ ಅಂಕ ಕಡಿಮೆಯಾದರೂ ಆದೀತು ಎಂಬ ಏರಿಳಿಕೆಯ ಪಟ್ಟಿ ತಂದ ‘ಪ್ರಪೊಸಿಷನ್ 16’ ಕೂಡ ನ್ಯಾಯಾಲಯ ಮೆಟ್ಟಿಲೇರಿತು. 1999ರಲ್ಲಿ ಫಿಲಡೆಲ್ಫಿಯಾದ ನ್ಯಾಯಾಧೀಶರು ಆ ಪಟ್ಟಿಯ ಪರೀಕ್ಷಾ ಗೆರೆ ಜನಾಂಗೀಯವಾಗಿ ಅಸಮ ಪರಿಣಾಮ ಬೀರುತ್ತದೆ ಎಂದು ಅದನ್ನು ರದ್ದು ಮಾಡಿದರು. ಅದೇ ವರ್ಷ ಮೇಲ್ಮನವಿ ನ್ಯಾಯಾಲಯ ತೀರ್ಪನ್ನು ತಿರುಗಿಸಿತು. ಆ ಕಾನೂನು ಎನ್‌ಸಿಎಎಗೆ ಅನ್ವಯಿಸುವುದಿಲ್ಲ ಎಂಬುದೇ ಕಾರಣವಾಗಿತ್ತು, ನಿಯಮ ನ್ಯಾಯಯುತ ಎಂಬುದಲ್ಲ. ಅಂತೂ 2003ರ ಹೊತ್ತಿಗೆ ದಿಕ್ಕು ಬದಲಾಯಿತು. ಪರೀಕ್ಷೆಯ ಕನಿಷ್ಠ ಅಂಕ ಬಹಳ ಕೆಳಗಿಳಿಯಿತು, ಕೋರ್ ಕೋರ್ಸ್ ಹದಿನಾಲ್ಕಕ್ಕೆ, 2008ರಲ್ಲಿ ಹದಿನಾರಕ್ಕೆ ಏರಿತು, ಶೇ 40–60–80ರ ಏಣಿ ಬಂತು, ಜೊತೆಗೆ ತಂಡಗಳನ್ನೇ ಅಳೆಯುವ ಎಪಿಆರ್ ಎಂಬ ಅಂಕ ಬಂತು.

ಎಪಿಆರ್ ಸರಳ ಲೆಕ್ಕ. ವಿದ್ಯಾರ್ಥಿವೇತನ ಪಡೆಯುವ ಪ್ರತಿ ಆಟಗಾರನಿಗೆ ಪ್ರತಿ ಸೆಮಿಸ್ಟರ್ ಎರಡು ಅಂಕ. ಓದಿನ ಅರ್ಹತೆ ಉಳಿಸಿಕೊಂಡರೆ ಒಂದು, ಕಾಲೇಜಿನಲ್ಲೇ ಮುಂದುವರಿದರೆ ಇನ್ನೊಂದು. ತಂಡ ಗಳಿಸಿದ್ದನ್ನು ಗಳಿಸಬಹುದಾಗಿದ್ದರಿಂದ ಭಾಗಿಸಿ 1000ದಿಂದ ಗುಣಿಸುತ್ತಾರೆ. ಹದಿಮೂರು ಆಟಗಾರರ ಬಾಸ್ಕೆಟ್‌ಬಾಲ್ ತಂಡಕ್ಕೆ ವರ್ಷಕ್ಕೆ 52 ಅಂಕ ಸಾಧ್ಯ. ಇಬ್ಬರು ವಸಂತದ ಸೆಮಿಸ್ಟರಿನಲ್ಲಿ ಫೇಲಾಗಿ ಕಾಲೇಜು ಬಿಟ್ಟರೆ ನಾಲ್ಕು ಅಂಕ ಹೋಗಿ 48 ಉಳಿಯುತ್ತದೆ, ತಂಡದ ಎಪಿಆರ್ 923 ಆಗುತ್ತದೆ. ನಾಲ್ಕು ವರ್ಷಗಳ ಸರಾಸರಿ 930ಕ್ಕಿಂತ ಕೆಳಗಿದ್ದರೆ ಋತುವಿನ ಕೊನೆಯ ಪಂದ್ಯಾವಳಿಗೆ ಪ್ರವೇಶವಿಲ್ಲ. 2011ರ ಚಾಂಪಿಯನ್ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಪುರುಷರ ತಂಡ 2013ರ ಪಂದ್ಯಾವಳಿಯಿಂದ ಹೊರಗುಳಿದದ್ದು ಹೀಗೆಯೇ. ಕೋಚ್‌ಗಳು ಓದಿನ ಬಗ್ಗೆ ಕಿವಿಗೊಡಲು ಆರಂಭಿಸಿದ್ದು ಇದರಿಂದಲೇ ಎಂದರೆ ತಪ್ಪಾಗದು, ಮತ್ತು ಪದವಿ ಮುಗಿಸುವವರ ಪ್ರಮಾಣ ಏರಿದ್ದೂ ನಿಜ. ಎನ್‌ಸಿಎಎ ತನ್ನದೇ ಸೂತ್ರದಿಂದ ಲೆಕ್ಕ ಹಾಕುವ ಪದವಿ ಯಶಸ್ಸಿನ ಪ್ರಮಾಣ ಈಚಿನ ವರ್ಷಗಳಲ್ಲಿ ಶೇ 90ರ ಆಸುಪಾಸಿನಲ್ಲಿದೆ. ಆದರೆ ಆ ಸೂತ್ರದಲ್ಲಿ, ಓದಿನ ಅರ್ಹತೆ ಇದ್ದಾಗಲೇ ಕಾಲೇಜು ಬಿಟ್ಟವರನ್ನು ಲೆಕ್ಕದಿಂದ ತೆಗೆಯುತ್ತಾರೆ. ಬೇರೆ ಕಾಲೇಜು ಸೇರಿದರೆ ಅಲ್ಲಿನ ಲೆಕ್ಕಕ್ಕೆ ಸೇರುತ್ತಾರೆ, ಎಲ್ಲೂ ಸೇರದಿದ್ದರೆ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಫೆಡರಲ್ ಸರ್ಕಾರದ ಸೂತ್ರ ಇದಕ್ಕೆ ವಿರುದ್ಧ ತುದಿಯದು. ಅದು ಬೇರೆ ಕಾಲೇಜಿಗೆ ಹೋಗಿ ಪದವಿ ಪಡೆದವರನ್ನೂ ಪದವಿ ಮುಗಿಸದವರೆಂದೇ ಎಣಿಸುವುದರಿಂದ ಅದರ ಅಂಕಿ ಸಾಕಷ್ಟು ಕೆಳಗಿರುತ್ತದೆ.

ಕ್ರೆಡಿಟ್‌ಗೂ ಕಲಿಕೆಗೂ ಸಂಬಂಧ ಕಡಿದುಹೋದರೆ ಏನಾಗುತ್ತದೆ ಎಂಬುದನ್ನು ಚಾಪೆಲ್ ಹಿಲ್‌ನ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಪ್ರಕರಣ ತೋರಿಸಿತು. ಮಾಜಿ ಫೆಡರಲ್ ಪ್ರಾಸಿಕ್ಯೂಟರ್ ಕೆನ್ನೆತ್ ವೈನ್‌ಸ್ಟೀನ್ 2014ರ ಅಕ್ಟೋಬರ್‌ನಲ್ಲಿ ಕೊಟ್ಟ ವರದಿಯಂತೆ, 1993ರಿಂದ 2011ರವರೆಗೆ ಆಫ್ರಿಕನ್ ಮತ್ತು ಆಫ್ರೋ-ಅಮೆರಿಕನ್ ಅಧ್ಯಯನ ವಿಭಾಗದಲ್ಲಿ 3,100ಕ್ಕೂ ಹೆಚ್ಚು ವಿದ್ಯಾರ್ಥಿಗಳು ತರಗತಿಯೇ ನಡೆಯದ ಕೋರ್ಸ್‌ಗಳಿಗೆ ಹೆಸರು ಬರೆಸಿದ್ದರು. ಕೊನೆಯಲ್ಲಿ ಒಂದು ಪ್ರಬಂಧ ಕೊಟ್ಟರೆ ಸಾಕಾಗಿತ್ತು. ಅದಕ್ಕೆ ಅಂಕ ಕೊಡುತ್ತಿದ್ದವರು ಪ್ರಾಧ್ಯಾಪಕರಲ್ಲ, ವಿಭಾಗದ ಕಚೇರಿಯ ಸಿಬ್ಬಂದಿ, ಅದೂ ಪ್ರಬಂಧವನ್ನು ಪೂರ್ತಿ ಓದದೆ. ಈ ಕೋರ್ಸ್‌ಗಳಿಗೆ ಸೇರಿದವರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಪಾಲು ಕ್ರೀಡಾಪಟುಗಳದು. ವಿಶ್ವವಿದ್ಯಾಲಯದ ಒಟ್ಟು ವಿದ್ಯಾರ್ಥಿಗಳಲ್ಲಿ ಅವರ ಪಾಲು ತೀರ ಸಣ್ಣದು. 2009ರಲ್ಲಿ ಆ ಸಿಬ್ಬಂದಿ ನಿವೃತ್ತರಾದಾಗ ಫುಟ್‌ಬಾಲ್ ತಂಡದ ಓದಿನ ಸಲಹೆಗಾರರು ಕೋಚ್‌ಗಳ ಸಭೆಯೊಂದರಲ್ಲಿ ಸ್ಲೈಡ್ ಹಾಕಿ ವಿವರಿಸಿದರು: ಇಷ್ಟು ದಿನ ನಮ್ಮ ಹುಡುಗರನ್ನು ಸೇರಿಸುತ್ತಿದ್ದ ಕೋರ್ಸ್‌ಗಳಲ್ಲಿ ತರಗತಿಗೆ ಹೋಗಬೇಕಿರಲಿಲ್ಲ, ಟಿಪ್ಪಣಿ ಬರೆಯಬೇಕಿರಲಿಲ್ಲ, ಎಚ್ಚರವಾಗಿರಬೇಕಾಗಿಯೂ ಇರಲಿಲ್ಲ, ಅವು ಇನ್ನು ಇರುವುದಿಲ್ಲ ಎಂಬುದು ಅದರ ತಾತ್ಪರ್ಯ. ಆ ಸೆಮಿಸ್ಟರ್ ತಂಡದ ಜಿಪಿಎ 2.121ಕ್ಕೆ, ಹತ್ತು ವರ್ಷಗಳಲ್ಲೇ ಕನಿಷ್ಠ ಮಟ್ಟಕ್ಕೆ, ಇಳಿಯಿತು.

ಹದಿನೆಂಟು ವರ್ಷ ಈ ವಿದ್ಯಾರ್ಥಿಗಳು ಕಾಗದದ ಮೇಲೆ ಅರ್ಹರೇ ಆಗಿದ್ದರು. ಕ್ರೆಡಿಟ್‌ಗಳು ತುಂಬಿದ್ದವು, ಜಿಪಿಎ ಇತ್ತು, ಏಣಿಯ ಮೆಟ್ಟಿಲುಗಳೆಲ್ಲ ದಾಟಿದ್ದವು. ಕಾಲೇಜುಗಳಿಗೆ ಮಾನ್ಯತೆ ಕೊಡುವ ದಕ್ಷಿಣ ವಲಯದ ಸಂಸ್ಥೆ 2015ರಲ್ಲಿ ವಿಶ್ವವಿದ್ಯಾಲಯವನ್ನು ಒಂದು ವರ್ಷ ನಿಗಾದಲ್ಲಿಟ್ಟಿತು. ಎನ್‌ಸಿಎಎ 2017ರ ಅಕ್ಟೋಬರ್‌ನಲ್ಲಿ ಈ ಕೋರ್ಸ್‌ಗಳ ವಿಷಯದಲ್ಲಿ ತನ್ನ ನಿಯಮ ಮುರಿದಿದೆ ಎಂದು ತೀರ್ಮಾನಿಸಲಾಗದು ಎಂದಿತು. ಅವು ಎಲ್ಲ ವಿದ್ಯಾರ್ಥಿಗಳಿಗೂ ತೆರೆದಿದ್ದವು, ಕೋರ್ಸ್ ನಿಜವೋ ಅಲ್ಲವೋ ಎಂದು ಹೇಳಬೇಕಾದದ್ದು ವಿಶ್ವವಿದ್ಯಾಲಯವೇ ಎಂಬುದು ಅದರ ಸಮರ್ಥನೆ. ಆ ನಿಲುವಿನಲ್ಲಿ ಕಾನೂನಿನ ತರ್ಕವಿದೆ; ಪಠ್ಯದ ಒಳಗೆ ಕ್ರೀಡಾ ಸಂಘಟನೆ ಕೈಹಾಕುವುದು ಸರಿಯಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಆಗ ಒಂದು ಪ್ರಶ್ನೆ ಉಳಿಯುತ್ತದೆ. ಒಂದು ಕ್ರೆಡಿಟ್ ಕಡಿಮೆಯಾದರೆ ವಿದ್ಯಾರ್ಥಿನಿಯನ್ನು ಈಜುಕೊಳದಿಂದ ಹೊರಗಿಡುವ ವ್ಯವಸ್ಥೆ, ಕ್ರೆಡಿಟ್ಟೇ ಪೊಳ್ಳು ಎಂದು ತಿಳಿದಾಗ ಕೊಟ್ಟವರನ್ನು ಕೇಳಲಾರದು ಎಂದರೆ, ಶಿಸ್ತೆಲ್ಲ ಯಾರ ಹೆಗಲಿಗೆ ಬಿತ್ತು?

ಸಮಯದ ವಿಷಯದಲ್ಲೂ ಹೀಗೆಯೇ. 1991ರಿಂದ ಜಾರಿಯಲ್ಲಿರುವ ನಿಯಮದಂತೆ ಋತುವಿನಲ್ಲಿ ಆಟಕ್ಕೆ ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆ ಮಿತಿ. ಆದರೆ ಪಂದ್ಯದ ದಿನ ಬೆಳಗಿನಿಂದ ರಾತ್ರಿಯವರೆಗೆ ಹೋದರೂ ಲೆಕ್ಕಕ್ಕೆ ಮೂರೇ ಗಂಟೆ. ಪ್ರಯಾಣ, ಗಾಯದ ಚಿಕಿತ್ಸೆ, ‘ಐಚ್ಛಿಕ’ ಎಂದು ಕರೆಯುವ ಕಸರತ್ತು ಲೆಕ್ಕಕ್ಕೇ ಇಲ್ಲ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಆಟಗಾರರು ಕಾರ್ಮಿಕ ಸಂಘ ಕಟ್ಟಲು ಹೊರಟಾಗ, 2014ರಲ್ಲಿ ಕಾರ್ಮಿಕ ಸಂಬಂಧ ಮಂಡಳಿಯ ಪ್ರಾದೇಶಿಕ ಅಧಿಕಾರಿಯು ಋತುವಿನಲ್ಲಿ ಅವರು ವಾರಕ್ಕೆ 40ರಿಂದ 50 ಗಂಟೆ ಆಟಕ್ಕೇ ಕೊಡುತ್ತಾರೆ ಎಂದು ದಾಖಲಿಸಿದರು. ಮರುವರ್ಷ ಮಂಡಳಿ ಪ್ರಕರಣವನ್ನೇ ಕೈಬಿಟ್ಟಿತಾದರೂ ವಿಚಾರಣೆಯಲ್ಲಿ ತಂಡದ ಕ್ವಾರ್ಟರ್‌ಬ್ಯಾಕ್ ಕೇನ್ ಕೋಲ್ಟರ್ ಹೇಳಿದ ಮಾತನ್ನು ಮರೆಯುವಂತಿಲ್ಲ. ವೈದ್ಯರಾಗುವ ಆಸೆಯಿಂದ ಬಂದ ಅವರು ಹಿಡಿಯಬೇಕೆಂದಿದ್ದ ರಸಾಯನಶಾಸ್ತ್ರ ಕೋರ್ಸ್ ಬೆಳಗಿನ ಅಭ್ಯಾಸದ ಹೊತ್ತಿಗೇ ಬಿತ್ತು. ಓದಿನಲ್ಲಿ ಹಿಂದೆ ಬಿದ್ದು ಕೊನೆಗೆ ಮನಶ್ಶಾಸ್ತ್ರಕ್ಕೆ ಬದಲಾದರು. ನಿಯಮದ ಪುಸ್ತಕದಲ್ಲಿ ಇದು ಯಾರ ತಪ್ಪೂ ಅಲ್ಲ. ಕ್ರೆಡಿಟ್ ತಪ್ಪಿಲ್ಲ, ಜಿಪಿಎ ತಪ್ಪಿಲ್ಲ. ಒಬ್ಬ ಹುಡುಗನ ದಾರಿ ಮಾತ್ರ ತಪ್ಪಿತು.

2024ರ ಬೇಸಗೆಯಿಂದ ಈ ಒತ್ತಡ ಇನ್ನೂ ಹೆಚ್ಚಿದೆ. ಟಿವಿ ಹಣದ ಬೆನ್ನು ಹತ್ತಿದ ಕಾಲೇಜುಗಳು ಭೂಗೋಳವನ್ನೇ ಮರೆತು ಒಕ್ಕೂಟಗಳನ್ನು, ಅಂದರೆ ತಮ್ಮೊಳಗೇ ಆಡುವ ಕಾಲೇಜುಗಳ ಗುಂಪುಗಳನ್ನು, ಬದಲಿಸಿಕೊಂಡವು. ಪೆಸಿಫಿಕ್ ದಂಡೆಯ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಈಗ ಅಟ್ಲಾಂಟಿಕ್ ದಂಡೆಯ ಒಕ್ಕೂಟದಲ್ಲಿವೆ. ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಮತ್ತು ಯುಎಸ್‌ಸಿ, ವಾಯವ್ಯದ ಆರೆಗಾನ್ ಮತ್ತು ವಾಷಿಂಗ್ಟನ್, ನ್ಯೂಜೆರ್ಸಿಯವರೆಗೂ ಹಬ್ಬಿದ ‘ಬಿಗ್ ಟೆನ್’ನಲ್ಲಿವೆ. ಫುಟ್‌ಬಾಲ್ ತಂಡ ಇದನ್ನು ತಡೆದುಕೊಳ್ಳುತ್ತದೆ, ಅದಕ್ಕೆ ವಾರಕ್ಕೊಂದೇ ಪಂದ್ಯ. ವಾರದ ನಡುವೆಯೂ ಆಡಬೇಕಾದ ಬಾಸ್ಕೆಟ್‌ಬಾಲ್, ವಾಲಿಬಾಲ್ ಆಟಗಾರರು ಮೂರು ಗಂಟೆಗಳ ಸಮಯ ವ್ಯತ್ಯಾಸ ದಾಟಿ ಹೋಗಿ ಬರುವಾಗ ಪ್ರಯೋಗಾಲಯದ ತರಗತಿ ಹಿಡಿಯುವುದಾದರೂ ಹೇಗೆ? ಆದಾಯ ತರುವ ಆಟವೊಂದರ ಸಲುವಾಗಿ ಮಾಡಿದ ಒಪ್ಪಂದಕ್ಕೆ ಉಳಿದ ಆಟಗಳ ಮಕ್ಕಳು ತಮ್ಮ ಓದಿನಿಂದ ಬೆಲೆ ತೆರುತ್ತಿದ್ದಾರೆ.

ಅದರ ಮೇಲೆ ಕಾಲೇಜು ಬದಲಾವಣೆಯ ಸ್ವಾತಂತ್ರ್ಯ. 2021ರಲ್ಲಿ ಒಮ್ಮೆ, 2024ರ ಏಪ್ರಿಲ್‌ನಿಂದ ಎಷ್ಟು ಬಾರಿ ಬೇಕಾದರೂ, ಓದಿನ ಅರ್ಹತೆ ಇದ್ದರೆ, ಒಂದು ವರ್ಷ ಕಾಯದೆ ಆಟಗಾರರು ಕಾಲೇಜು ಬದಲಿಸಬಹುದು. ಈ ಹಕ್ಕನ್ನು ನಾನು ಬೆಂಬಲಿಸುತ್ತೇನೆ. ಕೋಚ್ ರಾತ್ರೋರಾತ್ರಿ ಹೊಸ ಕಾಲೇಜಿಗೆ ಹೋಗಬಹುದಾದರೆ ಹತ್ತೊಂಬತ್ತರ ಹುಡುಗನಿಗೆ ಮಾತ್ರ ಬೇಡಿ ಏಕೆ? ಆದರೆ ಆಟಗಾರ ಹೋದಷ್ಟು ಸಲೀಸಾಗಿ ಕ್ರೆಡಿಟ್‌ಗಳು ಹೋಗುವುದಿಲ್ಲ. ಎರಡು ವರ್ಷ ಓದಿ 60 ಕ್ರೆಡಿಟ್ ಗಳಿಸಿದವನು ಹೊಸ ಕಾಲೇಜಿಗೆ ಬಂದಾಗ ಅವುಗಳಲ್ಲಿ 45 ಮಾತ್ರ ಅಲ್ಲಿನ ಪದವಿಗೆ ಹೊಂದಿದವು ಎಂದರೆ, ಶೇ 40ರ ಮೆಟ್ಟಿಲಿಗೆ ಅವನಿಗೆ ಮೂರು ಕ್ರೆಡಿಟ್ ಕಡಿಮೆ. ಬೇಸಗೆಯಲ್ಲಿ ಆನ್‌ಲೈನ್ ಕೋರ್ಸ್, ಇಲ್ಲವೇ ಹಳೆಯ ಕ್ರೆಡಿಟ್‌ಗಳೆಲ್ಲ ಹಿಡಿಸುವ ಸಡಿಲ ಪದವಿ, ಇವೆರಡೇ ಅವನ ಮುಂದಿರುವ ದಾರಿ. ಎರಡನೇ ಬಾರಿ ಬದಲಿಸಿದರೆ ಸಮಸ್ಯೆ ಇಮ್ಮಡಿ, ಏಕೆಂದರೆ ಪದವಿಯ ಗಣನೀಯ ಪಾಲು ತನ್ನಲ್ಲೇ ಓದಿರಬೇಕು ಎಂದು ಬಹುತೇಕ ವಿಶ್ವವಿದ್ಯಾಲಯಗಳು ಕೇಳುತ್ತವೆ. ಲಕ್ಷಾಂತರ ಡಾಲರಿನ ಒಪ್ಪಂದ ಎದುರಿಗಿರುವಾಗ ಕಳೆದುಹೋಗುವ ಹದಿನೈದು ಕ್ರೆಡಿಟ್‌ಗಳ ಬಗ್ಗೆ ಎಚ್ಚರಿಸಬೇಕಾದವರು ಯಾರು? ಕರೆಯುವ ಕೋಚ್‌ಗೂ ಏಜೆಂಟ್‌ಗೂ ಆ ಎಚ್ಚರಿಕೆಯಿಂದ ಲಾಭವಿಲ್ಲ.

ಇಲ್ಲಿ ಮಾಡಬೇಕಾದ್ದು ಇನ್ನೊಂದು ಮೆಟ್ಟಿಲನ್ನು ಎತ್ತರಿಸುವುದಲ್ಲ. ಆಟಗಾರರಿಗೆ ಕೋರ್ಸ್ ಆರಿಸಿಕೊಡುವ ಸಲಹೆಗಾರರು ಕ್ರೀಡಾ ವಿಭಾಗದ ಸಂಬಳದಲ್ಲಿರುವವರೆಗೆ ಅವರ ನಿಷ್ಠೆ ಮುಂದಿನ ಶನಿವಾರದ ಪಂದ್ಯದ ಕಡೆಗೇ ವಾಲುತ್ತದೆ. ಅವರನ್ನು ಶೈಕ್ಷಣಿಕ ಆಡಳಿತದ ಅಡಿಗೆ ತರಬೇಕು. ಹೆಸರುಗಳಿಲ್ಲದೆ, ಪ್ರತಿ ತಂಡದ ಆಟಗಾರರು ಯಾವ ಪದವಿಗಳಲ್ಲಿದ್ದಾರೆ, ಎಷ್ಟು ಮಂದಿ ಸೇರಿದ ಮೇಲೆ ವಿಷಯ ಬದಲಿಸಿದರು, ಯಾವ ಕೋರ್ಸ್‌ಗಳಲ್ಲಿ ಅವರ ಪಾಲು ವಿಪರೀತ ಹೆಚ್ಚು ಎಂಬುದನ್ನು ಕಾಲೇಜುಗಳು ವರ್ಷಕ್ಕೊಮ್ಮೆ ಪ್ರಕಟಿಸಬೇಕು. ಚಾಪೆಲ್ ಹಿಲ್‌ನಲ್ಲಿ ಅಂಥ ಒಂದು ಪಟ್ಟಿ ಇದ್ದಿದ್ದರೆ ಹದಿನೆಂಟು ವರ್ಷ ಬೇಕಾಗುತ್ತಿರಲಿಲ್ಲ. ಕಷ್ಟದ ಪದವಿಗೆ ಬದಲಾಗುವ ವಿದ್ಯಾರ್ಥಿಗೆ ಶೇ 40ರ ಮೆಟ್ಟಿಲಿನಲ್ಲಿ ಒಮ್ಮೆಯಾದರೂ ರಿಯಾಯಿತಿ ಇರಬೇಕು. ಒಂದು ಒಳ್ಳೆಯ ಹೆಜ್ಜೆ ಈಗಾಗಲೇ ಬಿದ್ದಿದೆ. ಪೂರ್ಣ ವಿದ್ಯಾರ್ಥಿವೇತನದಲ್ಲಿ ಆಡಿ ಪದವಿ ಮುಗಿಸದೆ ಹೋದವರಿಗೆ, ಆಟ ಮುಗಿದ ಹತ್ತು ವರ್ಷಗಳವರೆಗೆ, ಮರಳಿ ಬಂದು ಓದು ಮುಗಿಸಲು ಕಾಲೇಜೇ ಹಣ ಕೊಡಬೇಕೆಂಬ ನಿಯಮ 2024ರ ಆಗಸ್ಟ್‌ನಿಂದ ಜಾರಿಯಲ್ಲಿದೆ. ಹೊಣೆಯನ್ನು ವಿದ್ಯಾರ್ಥಿಯಿಂದ ಸಂಸ್ಥೆಯ ಕಡೆಗೆ ತಿರುಗಿಸುವ ನಿಯಮಗಳು ಅಪರೂಪ, ಇದು ಅವುಗಳಲ್ಲೊಂದು.

ಈ ವಿಷಯ ಕನ್ನಡಿಗರ ಮನೆಗಳಿಗೂ ತಲುಪಿದೆ. ಮೈಸೂರಿನಲ್ಲಿ ಹುಟ್ಟಿ ಮೇರಿಲ್ಯಾಂಡ್‌ನಲ್ಲಿ ಬೆಳೆದ ವಿಕಾಸ್ ಗೌಡ 2006ರಲ್ಲಿ ಎನ್‌ಸಿಎಎ ಡಿಸ್ಕಸ್ ಚಾಂಪಿಯನ್ ಆದವರು, ಮುಂದೆ 2014ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದವರು. ಟೆನಿಸ್‌ನಲ್ಲಿ ಸೋಮದೇವ್ ದೇವ್‌ವರ್ಮನ್, ಎತ್ತರ ಜಿಗಿತದಲ್ಲಿ ತೇಜಸ್ವಿನ್ ಶಂಕರ್ ಅಮೆರಿಕದ ಕಾಲೇಜು ಅಂಗಳದಲ್ಲೇ ಬೆಳೆದವರು. ಬೆಂಗಳೂರಿನ ಟೆನಿಸ್ ಅಂಕಣ, ಈಜುಕೊಳಗಳ ಸುತ್ತ ಕುಳಿತ ತಂದೆ ತಾಯಂದಿರ ನಡುವೆ ಅಮೆರಿಕದ ವಿದ್ಯಾರ್ಥಿವೇತನದ ಮಾತು ಹೊಸದಲ್ಲ. ಆದರೆ ಹದಿನಾರು ಕೋರ್ಸ್‌ಗಳ ಎಣಿಕೆ ಒಂಬತ್ತನೇ ತರಗತಿಯಿಂದಲೇ ಶುರುವಾಗುತ್ತದೆ ಎಂಬುದು ಹಲವರಿಗೆ ತಿಳಿಯುವುದು ಪಿಯುಸಿ ಅರ್ಧ ಮುಗಿದ ಮೇಲೆ. ಎಸ್‌ಎಸ್‌ಎಲ್‌ಸಿ ಆದ ಮೇಲೆ ಅಭ್ಯಾಸಕ್ಕೆ ಸಮಯ ಸಿಗಲೆಂದು ಗಣಿತವಿಲ್ಲದ ಕಾಮರ್ಸ್ ಅಥವಾ ಕಲಾ ವಿಭಾಗ ಆರಿಸಿದರೆ, ಒಂಬತ್ತು ಮತ್ತು ಹತ್ತನೇ ತರಗತಿಯ ಎರಡು ವರ್ಷದ ಗಣಿತ ಮಾತ್ರ ಕೈಯಲ್ಲಿರುತ್ತದೆ, ಕೇಳುವುದು ಮೂರು. ಆ ಒಂದು ವರ್ಷದ ಕೊರತೆಯನ್ನು ಆಟದ ಯಾವ ರ‍್ಯಾಂಕಿಂಗ್ ಕೂಡ ತುಂಬಲಾರದು. ಒಂಬತ್ತನೇ ತರಗತಿಯಿಂದ ಪ್ರತಿ ವರ್ಷದ ವಿಷಯವಾರು ಅಂಕಪಟ್ಟಿ ಜೋಪಾನವಾಗಿಡುವುದೂ ಅಷ್ಟೇ ಮುಖ್ಯ. ಟೂರ್ನಿಗಾಗಿ ಶಾಲೆ ಬದಲಿಸಿದ ಮಕ್ಕಳ ವಿಷಯದಲ್ಲಿ ಇದು ಸುಲಭವಲ್ಲ. ಅಲ್ಲಿಗೆ ಹೋದ ಮೇಲೆ ವಿದ್ಯಾರ್ಥಿ ವೀಸಾದವರು ಪೂರ್ಣ ಕೋರ್ಸ್ ಹೊರೆ ಹೊರಬೇಕು, ಅದರಲ್ಲಿ ಆನ್‌ಲೈನ್ ತರಗತಿ ಸೆಮಿಸ್ಟರಿಗೆ ಒಂದನ್ನಷ್ಟೇ ಎಣಿಸುತ್ತಾರೆ. ಹೀಗಾಗಿ ಅಮೆರಿಕದ ಸಹ ಆಟಗಾರರು ಪ್ರಯಾಣದ ನಡುವೆ ಆನ್‌ಲೈನ್ ಕೋರ್ಸ್‌ಗಳಿಂದ ಕ್ರೆಡಿಟ್ ತುಂಬಿಸಿಕೊಳ್ಳುವ ದಾರಿ ನಮ್ಮ ಮಕ್ಕಳಿಗೆ ಬಹುಪಾಲು ಮುಚ್ಚಿದೆ.

ಕೋಚ್ ವಿಡಿಯೊ ಕರೆಯಲ್ಲಿ ಮಾತಾಡುವಾಗ ನಮ್ಮವರು ಸಾಮಾನ್ಯವಾಗಿ ಕೇಳುವುದು ವಿದ್ಯಾರ್ಥಿವೇತನ ಎಷ್ಟು ಪಾಲು, ಊಟ ವಸತಿ ಸೇರಿದೆಯೇ ಎಂದು. ಅದರ ಜೊತೆಗೆ ಇನ್ನೂ ಕೆಲವನ್ನು ಕೇಳಬೇಕು, ಉತ್ತರವನ್ನು ಇಮೇಲಿನಲ್ಲಿ ಬರೆಸಿಕೊಳ್ಳಬೇಕು: ನಿಮ್ಮ ತಂಡದ ನಾಲ್ಕನೇ ವರ್ಷದವರು ಯಾವ ಯಾವ ಪದವಿ ಓದುತ್ತಿದ್ದಾರೆ, ಎಂಜಿನಿಯರಿಂಗ್ ಅಥವಾ ಜೀವವಿಜ್ಞಾನದಲ್ಲಿ ಒಬ್ಬರಾದರೂ ಇದ್ದಾರೆಯೇ, ಮಧ್ಯಾಹ್ನದ ಪ್ರಯೋಗಾಲಯ ಅಭ್ಯಾಸದ ಹೊತ್ತಿಗೆ ಬಿದ್ದರೆ ಯಾವುದು ಬಿಡಬೇಕಾಗುತ್ತದೆ, ಕೋರ್ಸ್ ನೋಂದಣಿಯ ದಿನ ನನ್ನ ಮಗಳ ಪಕ್ಕ ಕೂರುವವರು ಯಾರು, ಅವರಿಗೆ ಸಂಬಳ ಯಾವ ವಿಭಾಗದಿಂದ ಬರುತ್ತದೆ.